ಹಳ್ಳದ ತನಕ ಕಹಿ

"ನಿಮ್ಮ ಮುಖ ನೋಡಿ ತಗೊಂಡಿದ್ದು ನಾನು, ಮಾಸ್ತಕ್ಕ," ಎನ್ನುತ್ತ ಯಮುನಮ್ಮ ಪೊಟ್ಟಣವನ್ನು ಜಗಲಿಯ ಮೇಲೆ ಬಡಿದಳು. ಬಡಿದ ರಭಸಕ್ಕೆ ಅದರ ಬಾಯಿ ಬಿಚ್ಚಿ ಹಸಿರು ಪುಡಿ ಚೆಲ್ಲಿತು. ಪೊಟ್ಟಣದ ಮೇಲೆ ನಿಜಕ್ಕೂ ಮಾಸ್ತಮ್ಮನ ಮುಖವೇ ಇತ್ತು. ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಕಂಪ್ಯೂಟರಿನಲ್ಲಿ ಸುಕ್ಕು ಅಳಿಸಿ, ಹಲ್ಲು ಬೆಳ್ಳಗೆ ಮಾಡಿ, ಹಿಂದುಗಡೆ ಕವಲೇದುರ್ಗದ ಕೋಟೆಯನ್ನು ಅಂಟಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ಮಾಸ್ತಮ್ಮನ ಕಾಡು ನೆಲಬೇವು' ಎಂದಿತ್ತು.

"ಎಂತ ಆಯ್ತು? ಕೂತ್ಕಂಡು ಹೇಳು."

"ಕೂರೋಕೆ ಬಂದಿಲ್ಲ. ಮಾಸ್ತಿಕಟ್ಟೆಯಿಂದ ಎರಡು ಬಸ್ ಬದಲ್ಸಿ ಬಂದಿದೀನಿ, ಇದನ್ನ ನಿಮ್ಮ ಮನೇಲೇ ಇಟ್ಟು ಹೋಗೋಕೆ. ಮೊಮ್ಮಗನಿಗೆ ಹೊಟ್ಟೆಹುಳದ ಕಾಟ. ಮುಂಚೆಲ್ಲ ನಿಮ್ಮ ನೆಲಬೇವಿನ ಕಷಾಯ ಕುಡಿಸ್ಬೇಕು ಅಂದ್ರೆ ಇಬ್ರು ಕೈಕಾಲು ಹಿಡೀಬೇಕಿತ್ತು, ಒಬ್ರು ಮೂಗು ಮುಚ್ಚಬೇಕಿತ್ತು. ಇವನು ಲೋಟ ನೆಕ್ಕಿ, ಅಜ್ಜಿ ಇನ್ನೊಂಚೂರು ಕೊಡು ಅಂತಾನೆ! ಐದು ದಿನ ಕುಡಿಸಿದೆ. ಹುಳ ಹೊಟ್ಟೇಲೇ ಇದಾವೆ. ಅವಕ್ಕೂ ರುಚಿ ಹತ್ತಿರ್ಬೇಕು. ಕಡೆಗೆ ಆಸ್ಪತ್ರೆ ಮಾತ್ರೆ ತಂದು ಕೊಟ್ಟೆ."

ಮಾಸ್ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಯಮುನಮ್ಮನ ಮೇಲಲ್ಲ. ಅವಳು ಬೈದಿದ್ದು ಕಡಿಮೆಯೇ ಆಯಿತು. ಜಗಲಿಯ ಮೇಲೆ ಚೆಲ್ಲಿದ ಪುಡಿಯಲ್ಲಿ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಒಣಹುಲ್ಲಿನ ರುಚಿ. ಕಹಿ ಇಲ್ಲವೆನ್ನುವಂತಿಲ್ಲ, ಬಂತು, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟರಂತೆ ಹೋಯಿತು. ಯಮುನಮ್ಮ ಹೇಳುವುದನ್ನು ಹೇಳಿ, ಕೊಟ್ಟ ನೀರನ್ನೂ ಮುಟ್ಟದೆ ಬಸ್ಸಿಗೆ ನಡೆದಳು.

ನೆಲಬೇವು ಈ ಸೀಮೆಯಲ್ಲಿ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಆದರೆ ಮಾಸ್ತಮ್ಮನ ಮನೆಯವರು ಕೀಳುತ್ತಿದ್ದುದು ಊರ ಹಿಂದಿನ ಕರಿಯರೆಯಲ್ಲಿ ಮಾತ್ರ. ಅದೊಂದು ದೊಡ್ಡ ಹಾಸುಗಲ್ಲು. ಸಂದಿಗಳಲ್ಲಿ ಹಿಡಿಮಣ್ಣು ಇದ್ದರೆ ಹೆಚ್ಚು. ಮಳೆ ನಿಂತ ಮೇಲೆ ಕಲ್ಲು ಎಷ್ಟು ಕಾಯುತ್ತದೆಂದರೆ ಬರಿಗಾಲಲ್ಲಿ ನಿಲ್ಲಲಾಗದು. ಅಲ್ಲಿಯ ಗಿಡ ಗೇಣುದ್ದ, ಕಡ್ಡಿ ಕೆಂಪು, ಎಲೆ ಉಗುರಿನಷ್ಟು; ನೋಡಿದರೆ ಅಯ್ಯೋ ಪಾಪ ಅನ್ನಿಸಬೇಕು. ಅತ್ತೆ ಕಲಿಸಿದ್ದ ಪರೀಕ್ಷೆ ಒಂದೇ. ಹೂ ಬಿಡಲು ಶುರುವಾದಾಗ ಒಂದು ಎಲೆ ಅಗಿದು ಉಗುಳಿ, ಅರೆಯಿಂದ ಇಳಿಯಬೇಕು. ಕೆಳಗಿನ ಹಳ್ಳ ಮುಟ್ಟುವ ತನಕ ನಾಲಿಗೆಯಲ್ಲಿ ಕಹಿ ಉಳಿದರೆ ಮಾರನೆಯ ದಿನ ಕೀಳಬಹುದು. ನಡುದಾರಿಯಲ್ಲಿ ಹೋದರೆ ಇನ್ನೊಂದು ವಾರ ಬಿಸಿಲು ಬೇಕು. ನಲವತ್ತು ವರ್ಷ ಮಾಸ್ತಮ್ಮ ಹಾಗೆ ನಡೆದಿದ್ದಾಳೆ. ಸಾಗರ, ಹೊಸನಗರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಹಳ್ಳದ ತನಕ ಕಹಿ ಬಾರದ ವರ್ಷ ಅವರನ್ನೆಲ್ಲ ಬರಿಗೈಯಲ್ಲಿ ಕಳಿಸಿದ್ದೂ ಇದೆ.

ಪೊಟ್ಟಣವನ್ನು ಸೆರಗಲ್ಲಿ ಕಟ್ಟಿಕೊಂಡು ಅವಳು ನೇರ ಯೋಗರಾಜನ ಶೆಡ್ಡಿಗೆ ಹೋದಳು. ಯೋಗರಾಜ ತಂಗಿಯ ಮಗ. ತಂಗಿ ಸತ್ತ ಮೇಲೆ ಮಾಸ್ತಮ್ಮನೇ ಉಣ್ಣಿಸಿ ಬೆಳೆಸಿದವನು. ಮೂರು ವರ್ಷದ ಹಿಂದೆ ಕರಿಯರೆಯ ಬೀಜ ತಂದು ಹಳ್ಳದ ಪಕ್ಕದ ಗದ್ದೆಯಲ್ಲಿ ಸಾಲು ಎಬ್ಬಿಸಿದ್ದ. ಕೊಟ್ಟಿಗೆ ಗೊಬ್ಬರ, ಡ್ರಿಪ್ ನೀರು, ಮೇಲೆ ಹಸಿರು ನೆರಳುಬಲೆ. ಗಿಡ ಸೊಂಟದ ತನಕ ಬಂದು ಗಾಳಿಗೆ ತೂಗುತ್ತಿತ್ತು. ನೋಡಿದ ಕೃಷಿ ಇಲಾಖೆಯವರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಂಡಿದ್ದರು. ಅವನ ಹೆಂಡತಿ ದೀಪಶ್ರೀ ಶೆಡ್ಡಿನಲ್ಲಿ ಪುಡಿ ತೂಗಿ ಪೊಟ್ಟಣಕ್ಕೆ ಸೀಲು ಹಾಕುತ್ತಿದ್ದಳು. ಗೋಡೆಯುದ್ದಕ್ಕೂ ಪೇರಿಸಿಟ್ಟ ಪೊಟ್ಟಣಗಳಿಂದ ಸಾವಿರಾರು ಮಾಸ್ತಮ್ಮಂದಿರು ಬಿಳಿ ಹಲ್ಲು ಬಿಟ್ಟು ನಗುತ್ತಿದ್ದರು.

"ಎಂತದಾ ಇದು?"

ಯೋಗರಾಜ ಪುಡಿಯನ್ನು ನೋಡಿದ. "ನೆಲಬೇವು, ದೊಡ್ಡಮ್ಮ."

"ಇದು ನೆಲಬೇವಾ? ದನದ ಹುಲ್ಲು ಪುಡಿ ಮಾಡಿ ನನ್ನ ಮುಖ ಅಂಟಿಸಿದೀಯ. ಕಾಡು ಅಂತ ಬೇರೆ ಬರ್ದಿದೀಯ. ಯಾವ ಕಾಡಾ? ನಿನ್ನ ಗದ್ದೆ ಯಾವತ್ತು ಕಾಡಾಯ್ತು?"

"ಬೀಜ ಕರಿಯರೇದೇ ಅಲ್ವಾ? ನೀನೇ ಕೊಟ್ಟಿದ್ದು. ಅದೇ ಬೀಜ, ಅದೇ ಗಿಡ."

"ಬೀಜ ಅದೇ. ಊಟ ಬೇರೆ. ಹೊತ್ತಿಗೆ ಸರಿಯಾಗಿ ನೀರು, ಗೊಬ್ಬರ, ತಲೆ ಮೇಲೆ ಕೊಡೆ. ಹೊಟ್ಟೆ ತುಂಬಿರೋದಕ್ಕೆ ಕಹಿ ಯಾಕೆ ಬೇಕಾ? ಕಲ್ಲ ಮೇಲೆ ಬೇಯೋ ಗಿಡಕ್ಕೆ ಕಹಿ ಬಿಟ್ರೆ ಬೇರೆ ಎಂತ ಇತ್ತು?"

"ಕರಿಯರೇಲಿ ವರ್ಷಕ್ಕೆ ಮೂರು ಮೂಟೆ ಸಿಕ್ರೆ ಹೆಚ್ಚು, ದೊಡ್ಡಮ್ಮ. ಮೂರು ಮೂಟೆ ಇಟ್ಕಂಡು ಎಷ್ಟು ಜನಕ್ಕೆ ಕೊಡ್ತೀಯ? ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೀನಿ, ಪಾಸಾಗಿದೆ." ಅವನು ಒಂದು ಹಾಳೆ ತಂದು ಹಿಡಿದ. ತೇವಾಂಶ ಇಷ್ಟು, ಮಣ್ಣು ಇಷ್ಟು, ಬೂಷ್ಟು ಇಲ್ಲ ಎಂದು ಓದಿದ.

"ಕಹಿ ಎಷ್ಟಂತೆ?"

ಯೋಗರಾಜ ಹಾಳೆಯನ್ನು ತಿರುಗಿಸಿ ನೋಡಿದ. "ಅದಕ್ಕೆ ಕಾಲಂ ಇಲ್ಲ."

"ಮತ್ತೆ ಎಂತದ್ರಲ್ಲಿ ಪಾಸಾಯ್ತು ನಿನ್ನ ನೆಲಬೇವು? ಸ್ನಾನ ಮಾಡಿ ಬಂದಿದೆ ಅಂತಲಾ?"

ದೀಪಶ್ರೀ ಯಂತ್ರ ನಿಲ್ಲಿಸಿದಳು. ಕೆಟ್ಟ ಹೆಂಗಸಲ್ಲ ಅವಳು. ಹೇಳಬೇಕಾಗಿದ್ದ ಮಾತನ್ನೂ ಮೆಲ್ಲಗೆ, ಪ್ರೀತಿಯಿಂದಲೇ ಆಡಿದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ಜ್ವರ ಬಂದು ಮಲಗಿದ ಮೇಲೆ ನಿಮಗೆ ರುಚಿ ಸರಿಯಾಗಿ ಗೊತ್ತಾಗ್ತಿಲ್ಲ. ಹಬ್ಬದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ರಿ. ಯಾರೂ ಹೇಳ್ಲಿಲ್ಲ, ಅಷ್ಟೆ."

"ಯಮುನಮ್ಮನ ಮೊಮ್ಮಗನಿಗೂ ಜ್ವರ ಬಂದಿತ್ತಾ?"

"ಬೆಲ್ಲ ಜಾಸ್ತಿ ಹಾಕಿರ್ತಾಳೆ," ಎಂದ ಯೋಗರಾಜ. "ಶನಿವಾರ ಶಿವಮೊಗ್ಗದಿಂದ ಮಾಲು ತಗೊಳ್ಳೋ ಕನ್ನಪ್ಪನವರು ಬರ್ತಾರೆ. ಇಷ್ಟೂ ಲೋಡಾಗ್ಬೇಕು. ಅವರ ಎದುರು ಇದನ್ನೆಲ್ಲ ತೆಗೀಬೇಡ, ದೊಡ್ಡಮ್ಮ, ಕೈಮುಗೀತೀನಿ."

ಮಾಸ್ತಮ್ಮ ಹೊರಗೆ ಬಂದು ಸಾಲಿನಿಂದ ಒಂದು ಕಟ್ಟು ನೆಲಬೇವನ್ನು ಬೇರುಸಹಿತ ಕಿತ್ತುಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಒಂದು ಎಲೆ ಅಗಿದಳು. ಗದ್ದೆಯ ಬೇಲಿಬಾಗಿಲಿನ ಉಣುಗೋಲು ದಾಟುವುದರೊಳಗೆ ಬಾಯಿ ಖಾಲಿ. ಸಿಟ್ಟಿನಲ್ಲಿ ಕಟ್ಟನ್ನು ಕೊಟ್ಟಿಗೆಯ ಮೂಲೆಗೆ ಎಸೆದಳು.

ಸಿಟ್ಟು ಇಳಿದ ಹಾಗೆ ಭಯ ಹತ್ತಿತು. ಒಂದು ವೇಳೆ ನಾಲಿಗೆಯೇ ಹೋಗಿದ್ದರೆ? ಉಪ್ಪು ಎರಡು ಸಲ ಹಾಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಮೆಂತ್ಯ ಅಗಿದಳು, ಕಾಫಿಪುಡಿ ನೆಕ್ಕಿದಳು, ಹಸಿ ಹಾಗಲಕಾಯಿ ಕಚ್ಚಿದಳು. ಕಹಿ ಅನ್ನಿಸಿತು. ಮುಂಚೆ ಇಷ್ಟೇ ಇತ್ತಾ ಅಂತಲೂ ಅನ್ನಿಸಿತು. ಎದುರಿಗೆ ಕೂತು ಹೌದು, ಅಲ್ಲ ಎನ್ನಲು ಮನೆಯಲ್ಲಿ ಇನ್ನೊಂದು ನಾಲಿಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಕರಿಯರೆ ಹತ್ತಿದಳು. ದೀಪಾವಳಿ ಕಳೆದು ತಿಂಗಳಾಗುತ್ತಾ ಬಂದಿದ್ದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಈಗೀಗ ಹೀಗೇ. ಜೂನಿನಲ್ಲಿ ಬಾ ಎಂದರೆ ಬಾರದ ಮಳೆ ನವೆಂಬರಿನಲ್ಲಿ ಹೋಗು ಎಂದರೆ ಹೋಗುವುದಿಲ್ಲ. ಕಾಯಬೇಕಾಗಿದ್ದ ಕಲ್ಲು ಪಾಚಿಗಟ್ಟಿ ಜಾರುತ್ತಿತ್ತು. ಗೇಣುದ್ದ ಇರಬೇಕಾದ ಗಿಡ ಮೊಳದುದ್ದ ಬಂದು, ಕಡ್ಡಿಯ ಕೆಂಪು ಬುಡದಲ್ಲಷ್ಟೇ ಉಳಿದಿತ್ತು. ಮಾಸ್ತಮ್ಮ ನಾಲ್ಕು ಗಿಡ ಕಿತ್ತುಕೊಂಡು, ಒಂದು ಎಲೆ ಅಗಿದು ಉಗುಳಿ ಇಳಿಯತೊಡಗಿದಳು. ಮೊದಲ ತಿರುವಿನಲ್ಲಿ ಕಹಿ ಇತ್ತು. ಗಂಟಲಿನ ತನಕ ಹಿಡಿದಿತ್ತು. ಎರಡನೆಯ ತಿರುವಿನಲ್ಲೂ ಇತ್ತು. ಹೊನ್ನೆಮರದ ಹತ್ತಿರ ಬರುವಾಗ ಹುಡುಕಬೇಕಾಯಿತು. ಹಳ್ಳ ಇನ್ನೂ ಅಷ್ಟೇ ದೂರ ಇತ್ತು.

ಅವಳು ಹೊನ್ನೆಮರದ ಬೇರಿನ ಮೇಲೆ ಕೂತಳು. ಕಲ್ಲು ಕೆಟ್ಟಿತೋ, ನಾಲಿಗೆ ಕೆಟ್ಟಿತೋ? ಯಾರ ಮೇಲೆ ಸಿಟ್ಟು ಮಾಡುವುದು? ಮಳೆಗೆ ಬೈದಳು, ಜ್ವರಕ್ಕೆ ಬೈದಳು, ಸತ್ತು ಇಪ್ಪತ್ತು ವರ್ಷವಾದ ಅತ್ತೆಗೂ ಬೈದಳು. ಬೇರೊಂದು ಪರೀಕ್ಷೆ ಕಲಿಸಿ ಹೋಗಬಾರದಿತ್ತೇ ಮುದುಕಿ? ಆಮೇಲೆ ಎದ್ದು, ಕಿತ್ತಿದ್ದ ನಾಲ್ಕು ಗಿಡಗಳನ್ನು ಹಿಡಿದು ಮನೆಗೆ ಬಂದಳು.

ಕೊಟ್ಟಿಗೆಯಲ್ಲಿ ಹಸು ಕೆಂಪಿ ಏನನ್ನೋ ಮೆಲ್ಲುತ್ತಿತ್ತು. ಮೂಲೆಗೆ ಎಸೆದಿದ್ದ ಯೋಗರಾಜನ ಕಟ್ಟು ಇರಲಿಲ್ಲ. ಬೇರಿನ ಮಣ್ಣು ಮಾತ್ರ ಉದುರಿತ್ತು. ಕೆಂಪಿಯ ತುಟಿಯಂಚಿನಲ್ಲಿ ನೆಲಬೇವಿನ ಒಂದು ಕುಡಿ ನೇತಾಡುತ್ತಿತ್ತು. ಮಾಸ್ತಮ್ಮ ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.

ಇಷ್ಟು ವರ್ಷದಲ್ಲಿ ಯಾವ ದನವೂ ನೆಲಬೇವಿಗೆ ಬಾಯಿ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಮೇವಿಗೆ ಬಿಟ್ಟ ಬ್ಯಾಣದ ಹುಲ್ಲನ್ನು ನುಣ್ಣಗೆ ಮೇಯುವ ದನಗಳು ಅದೊಂದು ಗಿಡವನ್ನು ಮಾತ್ರ ಸುತ್ತುಹಾಕಿ ಬಿಟ್ಟುಹೋಗುತ್ತವೆ. ಕರಿಯರೆಯ ಗಿಡ ಒಂದನ್ನು ಮುಂದೆ ಹಿಡಿದಳು. ಕೆಂಪಿ ಆಸೆಯಿಂದಲೇ ಮೂತಿ ಚಾಚಿತು. ಒಂದು ಎಲೆ ಬಾಯಿಗೆ ಹೋಯಿತು. ತಕ್ಷಣ ಪುಸ್ಸೆಂದು ಮೂಗಿನಿಂದ ಗಾಳಿ ಬಿಟ್ಟು, ತಲೆ ಒದರಿ, ಎಲೆಯನ್ನು ಜೊಲ್ಲಿನ ಜೊತೆ ಹೊರಗೆ ಹಾಕಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಿತು.

"ಹಾಗಾದ್ರೆ ನನ್ನ ನಾಲಿಗೆ ಸರಿ ಇದೆ," ಎಂದು ಮಾಸ್ತಮ್ಮ ಗಟ್ಟಿಯಾಗಿ ಹೇಳಿದಳು. ಮತ್ತೆ ಸಿಟ್ಟು ಬಂತು. ಈ ಸಲ ಅದು ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿತ್ತು.

ಶನಿವಾರ ಹತ್ತು ಗಂಟೆಗೆ ಕನ್ನಪ್ಪನ ಗಾಡಿ ಬಂತು. ಇಸ್ತ್ರಿ ಮಾಡಿದ ಅಂಗಿಯ, ನಗುಮುಖದ ಮನುಷ್ಯ. ಸಾಲುಗಳ ನಡುವೆ ನಡೆಯುತ್ತ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಯೋಗರಾಜ, ದೀಪಶ್ರೀ ಹಿಂದೆ ಇದ್ದರು. ಮಾಸ್ತಮ್ಮ ಕೆಂಪಿಯನ್ನು ಹಗ್ಗದಲ್ಲಿ ಹಿಡಿದು ಬಂದವಳು ಉಣುಗೋಲಿನ ಮುಂದೆ ನಿಂತಳು. ಎರಡು ಕಂಬದ ತೂತುಗಳಿಗೆ ಅಡ್ಡ ತೂರಿಸಿದ್ದ ಮೂರು ಬಿದಿರಿನ ಗಳ. ಒಂದೊಂದಾಗಿ ಜಾರಿಸಿ ತೆಗೆದು ಕೆಳಗಿಟ್ಟಳು. ಹಗ್ಗ ಬಿಟ್ಟಳು.

"ಹೇಯ್! ಹೇಯ್! ದೊಡ್ಡಮ್ಮ, ದನ!" ಯೋಗರಾಜ ಓಡಿಬಂದ. ಅಷ್ಟರಲ್ಲಿ ಕೆಂಪಿ ಮೊದಲ ಸಾಲಿನ ತುದಿಯನ್ನು ಕತ್ತರಿಸಿ ಬಾಯಿಗೆ ಹಾಕಿಕೊಂಡಾಗಿತ್ತು.

"ಮುಟ್ಟಬೇಡ ಅದನ್ನ. ನೋಡು." ಮಾಸ್ತಮ್ಮ ಮಡಿಲಿನಿಂದ ಕರಿಯರೆಯ ಗಿಡ ತೆಗೆದು ಹಸುವಿನ ಮೂತಿಗೆ ಹಿಡಿದಳು. ಕೆಂಪಿ ಮೂಸಿ, ಪುಸ್ಸೆಂದು, ಮುಖ ತಿರುಗಿಸಿ ಮತ್ತೆ ಸಾಲಿಗೆ ಬಾಯಿ ಹಾಕಿತು. "ನನ್ನ ನಾಲಿಗೆ ಬಿಡು. ಇದಕ್ಕೆ ಜ್ವರ ಬಂದಿಲ್ಲ."

ದೀಪಶ್ರೀ ತಲೆ ತಗ್ಗಿಸಿದಳು. ಯೋಗರಾಜ ಹಸುವನ್ನೇ ನೋಡಿದ. ಆಮೇಲೆ ತಾನೇ ಬೆಳೆದ ಗಿಡದಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ. ಅವನ ಮುಖ ಕಿವುಚಿಕೊಳ್ಳಲಿಲ್ಲ. ಅದು ಅವನಿಗೂ ತಿಳಿಯಿತು.

ಕನ್ನಪ್ಪ ನಕ್ಕ. "ಅಜ್ಜಿ, ನೀವು ಹೇಳೋದು ನಿಜ ಇರ್ಬಹುದು. ಆದ್ರೆ ನನಗೆ ಬೇಕಾಗಿದ್ದೂ ಇದೇ. ಆ ಪಾಟಿ ಕಹಿ ಇದ್ರೆ ಸಿಟಿಯವರು ಎರಡನೇ ಸಲ ತಗೊಳಲ್ಲ. ಮಕ್ಕಳೂ ಕುಡೀತಾರೆ ಅಂದ್ರೆ ಒಳ್ಳೇದೇ ಅಲ್ವಾ?"

"ಹುಳ ಹೋಗ್ತದಾ?"

"ಎಂತದು?"

"ಹೊಟ್ಟೆಹುಳ. ಹೋಗ್ತದಾ ಇದ್ರಲ್ಲಿ?"

"ಹುಳ ಹೋಗ್ತದೆ ಅಂತ ನಾವು ಪ್ಯಾಕೆಟ್ ಮೇಲೆ ಎಲ್ಲೂ ಬರ್ದಿಲ್ವಲ್ಲ, ಅಜ್ಜಿ. ಆರೋಗ್ಯಕ್ಕೆ ಒಳ್ಳೇದು ಅಂತ ಅಷ್ಟೇ ಬರ್ದಿರೋದು."

"ನನ್ನ ಮುಖ ಹಾಕಿದೀರಲ್ಲ. ಜನ ಓದೋದು ಅದನ್ನೇ. ತೆಗೀರಿ ಅದನ್ನ."

"ಪ್ರಿಂಟಾಗಿ ಹೋಗಿದೆ. ಮುಂದಿನ ಸಲ ನೋಡೋಣ."

ಮಾಸ್ತಮ್ಮ ಯೋಗರಾಜನ ಕಡೆ ತಿರುಗಿದಳು. ಅವನು ಮಾತಾಡಲಿ ಎಂದು ಕಾದಳು. ಅವನ ದವಡೆಯಲ್ಲಿ ಆ ಎಲೆ ಇನ್ನೂ ಇತ್ತು.

"ಇದೊಂದು ಸಲ ಹೋಗ್ಲಿ, ದೊಡ್ಡಮ್ಮ," ಎಂದ ಅವನು, ನೆಲ ನೋಡುತ್ತ.

ಅವಳು ಬಗ್ಗಿ ಮೂರೂ ಗಳಗಳನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಕರಿಯರೆಯ ಒಂದು ಎಲೆಯನ್ನು ಬಾಯಿಗೆ ಹಾಕಿ ಅಗಿಯುತ್ತ ಮನೆಯ ದಾರಿ ಹಿಡಿದಳು. ಯೋಗರಾಜ ಕರೆದದ್ದು ಕೇಳಿಸಿತು. ಗಳಗಳ ತುದಿಗಳು ಹಿಂದೆ ನೆಲಕ್ಕೆ ತಾಗಿ ಗೆರೆ ಎಳೆಯುತ್ತಿದ್ದವು.

ಊರ ದನಗಳು ಬ್ಯಾಣಕ್ಕೆ ಹೋಗುವ ಹೊತ್ತು. ತಿರುವಿನಲ್ಲಿ ಅವು ಎದುರಾದಾಗ ಮಾಸ್ತಮ್ಮ ದಾರಿಬದಿಗೆ ಸರಿದು ನಿಂತು ಎಲ್ಲವನ್ನೂ ಮುಂದೆ ಹೋಗಗೊಟ್ಟಳು. ಮುಂದಿದ್ದ ಕಪ್ಪು ಹಸು ಗಳವಿಲ್ಲದ ಎರಡು ಕಂಬಗಳ ನಡುವೆ ನಿಂತು, ಒಳಗೆ ಮೇಯುತ್ತಿದ್ದ ಕೆಂಪಿಯನ್ನು ನೋಡಿತು. ಅದರ ಕೊರಳಿನ ಗಂಟೆ ದಾರಿ ಬಿಟ್ಟು ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು.