ಎಡಗೈಯ ಗಂಟು

ಐವನ್‌ಪಾ ಕೆರೆಯಂಗಳದಲ್ಲಿ ಬಿಸಿಲೇರುವ ತನಕ ಗಾಳಿ ಏಳುವುದಿಲ್ಲ. ಅದು ಗೊತ್ತಿದ್ದೂ ಎಲ್ಲರೂ ಕೋಳಿ ಎದ್ದ ಹಾಗೆ ಎದ್ದು, ಕಾಫಿ ಲೋಟ ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಾರೆ. ಮಾವಿಸ್ ಇವರನ್ನು ಹುಚ್ಚರ ಸಂತೆ ಎಂದು ಕರೆಯುತ್ತಿದ್ದಳು. ನೀರಿಲ್ಲದ ಕೆರೆಗೆ ಬಂದು, ಇಂಜಿನ್ ಇಲ್ಲದ ಮೂರು ಚಕ್ರದ ಬಗ್ಗಿಯಲ್ಲಿ ಕಾಲು ಚಾಚಿ ಕೂತು, ಮಂಚಕ್ಕಿಂತ ದೊಡ್ಡ ಗಾಳಿಪಟ ಹಾರಿಸಿ, ಅದು ಎಳೆದ ಕಡೆ ಓಡುವ ಮಂದಿಯನ್ನು ಮತ್ತೇನೆಂದು ಕರೆಯಬೇಕು? ಅದೂ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ.

ಆ ಹುಚ್ಚರಲ್ಲಿ ಅವಳ ಗಂಡ ಲೈಲ್ ಕೂಡ ಒಬ್ಬ. ಪ್ರತಿ ವಸಂತದಲ್ಲೂ ಅವಳು ಅವನ ಜೊತೆ ನೆವಾಡಾ ಗಡಿಯ ಈ ಮೂಲೆಗೆ ಬಂದು, ಕ್ಯಾಂಪರ್ ವ್ಯಾನಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದಳು. ಸಂಜೆಗೆ ಎಲ್ಲರಿಗೂ ಒಂದು ಹಂಡೆ ಕಾಳು-ಮಾಂಸದ ಸಾರು ಮಾಡಿ ಬಡಿಸುತ್ತಿದ್ದಳು. "ಒಂದೇ ಒಂದು ಸಲ ಕೂತ್ಕೊಳೇ," ಎಂದು ಲೈಲ್ ಗೋಗರೆಯುತ್ತಿದ್ದ. "ನನ್ನ ಹಲ್ಲು ನನ್ನ ಬಾಯಲ್ಲೇ ಇರ್ಲಿ ಬಿಡು," ಎಂದು ಅವಳು ಮೂಗು ಮುರಿಯುತ್ತಿದ್ದಳು. ಹಾಗೆ ಮೂಗು ಮುರಿಯುತ್ತಲೇ ಇಪ್ಪತ್ತು ವರ್ಷ ಕಳೆದುಹೋಯಿತು. ಕಳೆದ ಶರತ್ಕಾಲದಲ್ಲಿ ಲೈಲ್ ತೀರಿಕೊಂಡ.

ಈ ಸಲ ಅವಳು ವ್ಯಾನು ತಾನೇ ಓಡಿಸಿಕೊಂಡು ಬಂದಳು. ಹಿಂದೆ ಅವನ ಬಗ್ಗಿ, ಚೀಲದಲ್ಲಿ ಅವನ ಹಳದಿ ಪಟ. ಚಳಿಗಾಲವಿಡೀ ಮನೆ ಹತ್ತಿರದ ಬಯಲಲ್ಲಿ ಬೇರೊಂದು ಪುಟ್ಟ ಪಟ ಹಾರಿಸಿ, ಎರಡು ಸಲ ಮೊಣಕಾಲು ತರಚಿಕೊಂಡು, ವಿದ್ಯೆ ಕಲಿತಿದ್ದಳು. ಹಳದಿ ಪಟವನ್ನು ಮಾತ್ರ ಮುಟ್ಟಿರಲಿಲ್ಲ. ಅದನ್ನು ಇಲ್ಲೇ ಬಿಚ್ಚಬೇಕು ಎಂಬುದು ಅವಳ ಹಟ. ಅದಕ್ಕೊಂದು ಕಾರಣವಿತ್ತು, ಆ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ವರ್ಷಗಳ ಹಿಂದೆ ಬಗ್ಗಿ ಮಗುಚಿ ಲೈಲ್‌ನ ಎಡ ಭುಜ ಮುರಿದಿತ್ತು. ಆಮೇಲೆ ಆ ಕೈ ಎದೆಯ ಹತ್ತಿರಕ್ಕೆ ಮಡಚಲೇ ಇಲ್ಲ. ಬಾಗಿಲು ತಳ್ಳುವವನ ಹಾಗೆ ಮುಂದಕ್ಕೇ ಚಾಚಿರುತ್ತಿತ್ತು. ಗೆಳೆಯರ ಮುಂದೆ ಅವನು "ಎಲ್ಲ ವಾಸಿಯಾಯ್ತು" ಎಂದು ಬಡಾಯಿ ಕೊಚ್ಚಿದ. ಗುಟ್ಟಾಗಿ, ಕೈಹಿಡಿಯ ಹತ್ತಿರ, ಎಡಗಡೆಯ ಎರಡೂ ದಾರಗಳನ್ನು ಗಂಟು ಹಾಕಿ ಬಲಗಡೆಯವಕ್ಕಿಂತ ಚಿಕ್ಕದು ಮಾಡಿಕೊಂಡ. ಕೈ ಮುಂದಿದ್ದರೂ ಪಟ ನೆಟ್ಟಗೆ ಹಾರುತ್ತಿತ್ತು. "ನಾನು ಕೂತ ಹಾಗೆ ಕೂತ್ರೆ ಮಾತ್ರ ಇದು ಮಾತು ಕೇಳತ್ತೆ ಕಣೇ," ಎಂದು ಅವಳೊಬ್ಬಳ ಮುಂದೆ ನಗುತ್ತಿದ್ದ. ದೂರದ ಧೂಳಿನಲ್ಲಿ ಅಷ್ಟು ಬಗ್ಗಿಗಳ ನಡುವೆ ಅವಳು ಗಂಡನನ್ನು ಗುರುತು ಹಿಡಿಯುತ್ತಿದ್ದದ್ದು ಚಾಚಿದ ಆ ಕೈಯಿಂದಲೇ.

ಅವನು ಕೂತ ಹಾಗೆ ಒಂದು ಸಲ ಕೂರಬೇಕು. ಅವನ ಗಂಟು ತನ್ನ ಕೈಯನ್ನು ಅವನ ಕೈ ಇದ್ದಲ್ಲಿಗೆ ಎಳೆದುಕೊಂಡು ಹೋಗಬೇಕು. ಇಷ್ಟೇ ಅವಳ ಆಸೆ. ಯಾರ ಹತ್ತಿರ ಹೇಳಿದರೂ ಅಳು ಬರುತ್ತದೆಂದು ಯಾರಿಗೂ ಹೇಳಲಿಲ್ಲ.

ಗಾಳಿ ಎದ್ದಿತು. ಡ್ವೇನ್ ಪಟ ಬಿಚ್ಚಿ ಹಾಸಿದ. ಅವನು ಲೈಲ್‌ನ ಜೀವದ ಗೆಳೆಯ, ಮೀಸೆಯಲ್ಲಿ ಸದಾ ಕೆರೆಯ ಮಣ್ಣು ಮೆತ್ತಿಕೊಂಡಿರುವ ದಢೂತಿ ಮನುಷ್ಯ.

"ಹೆಲ್ಮೆಟ್ ಗಟ್ಟಿ ಕಟ್ಟಿದೀಯಾ? ನೀನು ಬಿದ್ರೆ ರಾತ್ರಿ ನಮಗೆ ಸಾರು ಮಾಡೋರು ಯಾರು?"

"ನಿನ್ನ ಹೊಟ್ಟೆ ಹೋಗಿ ಹೆದ್ದಾರಿ ಪಕ್ಕದ ಕ್ಯಾಸಿನೋದಲ್ಲಿ ತುಂಬಿಸ್ಕೊ, ಹೋಗು. ಪಟ ಎತ್ತು."

ಹಳದಿ ಪಟ ತಲೆಯ ಮೇಲೆ ಬಂತು. ದಾರ ಬಿಗಿಯಿತು, ಬಗ್ಗಿ ಹೊರಟಿತು. ಗಟ್ಟಿ ಜೇಡಿಮಣ್ಣಿನ ಮೇಲೆ ಚಕ್ರಗಳು ಗರಗರ ಎನ್ನತೊಡಗಿದವು. ಎಡಗೈ ಈಗ ಮುಂದಕ್ಕೆ ಹೋಗುತ್ತದೆ, ಈಗ ಹೋಗುತ್ತದೆ ಎಂದು ಅವಳು ಕಾದಳು. ಹೋಗಲಿಲ್ಲ. ಎರಡೂ ಕೈ ಹೊಟ್ಟೆಯ ಮುಂದೆ ಸಮಸಮವಾಗಿ ನಿಂತಿದ್ದವು, ಪಟ ನೆಟ್ಟಗೆ ಹಾರುತ್ತಿತ್ತು. ಹಿಂದೆ ಎಲ್ಲರೂ ಕೇಕೆ ಹಾಕುತ್ತಿದ್ದರು.

ಒಂದು ಸುತ್ತು ಹೊಡೆದು ಪಟ ಇಳಿಸಿ, ಹಿಡಿಯ ಹತ್ತಿರ ದಾರ ನೋಡಿದಳು. ಲೈಲ್‌ನ ಬೆರಳ ಕೊಳೆ ಕುಡಿದು ಕಪ್ಪಾಗಿದ್ದ ಗಂಟುಗಳು ಇರಲಿಲ್ಲ. ನಾಲ್ಕೂ ದಾರಕ್ಕೆ ಹೊಸ ಗಂಟು, ತುದಿ ಲೈಟರಿನಲ್ಲಿ ಸುಟ್ಟು ನಯ ಮಾಡಿದ್ದು.

ಡ್ವೇನ್ ಏದುಸಿರು ಬಿಡುತ್ತ ಓಡಿ ಬಂದ. ಮುಖವೆಲ್ಲ ನಗು.

"ಹೆಂಗೆ? ಬೆಣ್ಣೆ ಹಂಗೆ ಹೋಯ್ತು ಅಲ್ವಾ? ಬೆಳಗ್ಗೆ ನೀನು ಮುಖ ತೊಳೆಯೋಕೆ ಹೋದಾಗ ದಾರ ಎಳೆದು ನೋಡ್ದೆ. ಅಯ್ಯೋ ದೇವ್ರೇ, ಎಡ ಬಲ ಎಷ್ಟೊಂದು ವ್ಯತ್ಯಾಸ! ನಿನ್ನನ್ನ ಮಗುಚಿ ಹಾಕಿರೋದು. ನಾಲ್ಕೂ ತುದಿ ಕತ್ತರಿಸಿ, ಸಮ ಮಾಡಿ, ಹೊಸದಾಗಿ ಕಟ್ಟಿದೀನಿ."

"ಕತ್ತರಿಸಿದ ಚೂರು?"

"ಒಲೆಗೆ ಹಾಕ್ದೆ. ಕೆರೇಲಿ ಕಸ ಬಿಡಬಾರದಲ್ಲ."

ಹೊಸಬರ ದಾರವನ್ನು ಹಳಬರು ಕೇಳದೆಯೇ ಸಮ ಮಾಡಿ ಕೊಡುವುದು ಇಲ್ಲಿನ ರೂಢಿ. ಅದಕ್ಕಿಂತ ದೊಡ್ಡ ಅಕ್ಕರೆಯನ್ನು ಈ ಮಂದಿ ತೋರಿಸಲಾರರು; ಅಪ್ಪಿಕೊಳ್ಳಲು ನಾಚುತ್ತಾರೆ, ದಾರ ಅಳೆದು ಕೊಡುತ್ತಾರೆ. ಇದು ಮಾವಿಸ್‌ಗೂ ಗೊತ್ತು. ಹಾಗಾಗಿ ಬೈಯಲೂ ಬಾಯಿ ಬರಲಿಲ್ಲ.

"ಒಳ್ಳೇದಾಯ್ತು ಡ್ವೇನ್," ಎಂದಳು. "ಇನ್ನೊಂದು ಸಲ ಎತ್ತು."

ಪಟ ಎದ್ದಿತು. ಈ ಸಲ ಅವಳು ಬೇಕೆಂದೇ ಎಡಗೈಯನ್ನು ಮುಂದಕ್ಕೆ ಚಾಚಿ ಕೂತಳು. ಸಮವಾದ ದಾರ ಸುಮ್ಮನಿದ್ದೀತೇ? ಪಟ ಬಲಕ್ಕೆ ವಾಲಿ, ಗಿರಕಿ ಹೊಡೆದು, ಧಪ್ಪೆಂದು ನೆಲಕ್ಕೆ ಬಿತ್ತು.

"ಎಡಗೈ ಒಳಗೆ ಎಳ್ಕೊ!" ಡ್ವೇನ್ ಕೂಗಿದ. ಅಷ್ಟು ದೂರ ನಡೆದುಹೋಗಿ ಪಟ ಎತ್ತಿಕೊಟ್ಟ.

ಮತ್ತೆ ಚಾಚಿದಳು. ಮತ್ತೆ ಬಿತ್ತು.

"ಏನಾಗಿದೆ ಮಾರಾಯ್ತಿ ನಿಂಗೆ? ಈಗ ತಾನೇ ಎಷ್ಟು ಚೆನ್ನಾಗಿ ಓಡಿಸ್ದೆ! ಎಡಗೈ, ಎಡಗೈ!"

ಮೂರನೆಯ ಸಲ ಪಟ ಎತ್ತಿ ಹಿಡಿದು ಅವನು ಅವಳ ಕಡೆ ತಿರುಗಿದ. ಅವಳು ಕಾಲು ಚಾಚಿ, ಬೆನ್ನು ಒರಗಿಸಿ, ಬಲಗೈ ಹೊಟ್ಟೆಗೊತ್ತಿ, ಎಡಗೈಯನ್ನು ಬಾಗಿಲು ತಳ್ಳುವ ಹಾಗೆ ಮುಂದಿಟ್ಟು ಕಾಯುತ್ತಿದ್ದಳು. ಡ್ವೇನ್ ಪಟ ಬಿಡಲಿಲ್ಲ. ಚಾಚಿದ ಆ ಕೈಯನ್ನೇ ನೋಡಿದ. ಆಮೇಲೆ ಪಟವನ್ನು ಮೆಲ್ಲಗೆ ನೆಲಕ್ಕಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಮಣ್ಣು ಸುರಿದು, ದಾರದ ಪಕ್ಕದಲ್ಲೇ ನಡೆದು ಬಂದ. ಅವಳ ಮುಂದೆ ಮಂಡಿಯೂರಿದ.

"ಅದು... ಅವನು ಹಾಕ್ಕೊಂಡಿದ್ದ ಗಂಟಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಭುಜ ವಾಸಿಯಾಗಿತ್ತು ಅಂದಿದ್ನಲ್ಲೇ, ಬೋಳೀಮಗ." ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ, ಕಣ್ಣ ಸುತ್ತ ಮಣ್ಣು ಕೆಸರಾಯಿತು. "ನಾನು ಮತ್ತೆ ಹಾಕ್ತೀನಿ. ಈಗ್ಲೇ ಹಾಕ್ತೀನಿ ಮಾವಿಸ್. ಅವನದು ಎಷ್ಟು ಚಿಕ್ಕದಿತ್ತು ಹೇಳು. ನಾನು ಅಳೀಲಿಲ್ಲ, ನೇರ ಕತ್ತರಿಸಿಬಿಟ್ಟೆ. ನೀನು ನೋಡಿದೀಯಲ್ಲ, ಎಷ್ಟಿತ್ತು?"

ಅವಳು ಹಿಡಿ ಕೆಳಗಿಟ್ಟು, ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದಳು. ಇಷ್ಟು. ಅಲ್ಲ, ಇನ್ನೂ ಸ್ವಲ್ಪ ಹೆಚ್ಚು. ಅಷ್ಟಿರಲಿಲ್ಲ, ಕಡಿಮೆ. ಅವಳು ಕಣ್ಣು ಮುಚ್ಚಿಕೊಂಡು ಮತ್ತೆ ಪ್ರಯತ್ನಿಸಿದಳು. ಬೆರಳುಗಳು ಹತ್ತಿರವಾದವು, ದೂರವಾದವು, ಎಲ್ಲಿಯೂ ನಿಲ್ಲಲಿಲ್ಲ. ಡ್ವೇನ್ ದಾರ ಹಿಡಿದುಕೊಂಡು ಕಾಯುತ್ತಲೇ ಇದ್ದ.