ಅಡುಗೆಮನೆಗೊಂದು ಕಿಟಕಿ

ಗಿರಿಜಾಂಬಾ ಮದುವೆಯಾಗಿ ಬಂದ ವರ್ಷವೇ ಅವಳ ಮಾವ ಗುರುಮಲ್ಲಪ್ಪ ಲಷ್ಕರ್ ಮೊಹಲ್ಲಾದ ಮನೆಯ ಅಡುಗೆಮನೆ ಕಿಟಕಿಗೆ ಇಟ್ಟಿಗೆ ಕಟ್ಟಿಸಿ ಗಾರೆ ಬಳಿಸಿದ. ಬೀದಿಯಲ್ಲಿ ಹೋಗುವ ಭವಿಗಳ, ಅಂದರೆ ಲಿಂಗ ಕಟ್ಟದವರ, ಕಣ್ಣು ಎಸರಿನ ಮೇಲೆ ಬೀಳಬಾರದು ಎಂಬುದು ಕಾರಣ.

ಮಾವ ಲಿಂಗೈಕ್ಯನಾದ. ಸೌದೆ ಹೋಗಿ ಗ್ಯಾಸು ಬಂತು. ಇಟ್ಟಿಗೆ ಕದಲಲಿಲ್ಲ. ಕರೆಂಟು ಹೋದರೆ ಹಾಡಹಗಲೇ ಅಕ್ಕಿಯೊಳಗಿನ ಕಲ್ಲನ್ನು ಬೆರಳಲ್ಲಿ ತಡವಿ ಆರಿಸಬೇಕು. ಮಗಳ ಕಂಪ್ಯೂಟರು ಬಂದಾಗ, ಅದು ಬಿಸಿಯಾಗುತ್ತದೆಂದು ಗಂಡ ಶಿವರುದ್ರಪ್ಪ ಮಗಳ ಕೋಣೆಯ ಗೋಡೆ ಒಡೆಸಿ ಅದಕ್ಕೊಂದು ಕಿಟಕಿ ಇಡಿಸಿದ. ಹೆಂಡತಿ ಬೆಂದದ್ದು ಅವನಿಗೆ ಕಂಡಿರಲಿಲ್ಲ.

2003ರಲ್ಲಿ ಗೋಕುಲಂನಲ್ಲಿ ಹೊಸ ಮನೆಗೆ ಕೈ ಹಾಕಿದರು. ಮಂಜೂರಾತಿಗೆ ಕೊಡುವ ಪ್ಲಾನು ಒಯ್ಯಲು ಗಂಡಹೆಂಡಿರು ಸರಸ್ವತಿಪುರಂನ ಆಫೀಸೊಂದಕ್ಕೆ ಬಂದರು. ಶಿವರುದ್ರಪ್ಪ ಹೊರಗೆ ಯಾರೊಂದಿಗೋ ಮಾತಿಗೆ ನಿಂತ.

"ಬನ್ನಿ ಅಮ್ಮಾ, ಕೂತ್ಕಳಿ," ಎಂದ ಪ್ಲಾನು ಬರೆಯುವ ಚೆಲುವರಾಜು. "ಚಪ್ಲಿ ಇರ್ಲಿ, ಇದೇನ್ ಮಠದ ಗದ್ದುಗೆ ಅಲ್ಲ."

ಅವನು ಮೌಸು ಸರಿಸಿದಂತೆ, ಇನ್ನೂ ಕಟ್ಟದ ಮನೆಯ ಬಾಗಿಲು ಪರದೆಯ ಮೇಲೆ ತೆರೆಯಿತು. ಪಡಸಾಲೆ, ಪೂಜೆ ಕೋಣೆ, ಆಮೇಲೆ ಅಡುಗೆಮನೆ. ಅಲ್ಲೂ ಬೋಳು ಗೋಡೆ.

"ಬೆಳಕು?"

"ನಿಮ್ಮ ಸಾವ್ಕಾರ್ರು ಕಿಟಕಿ ಬ್ಯಾಡ ಅಂದ್ರು ಕಣಮ್ಮ. ಒಂದ್ಸಲ ಇಟ್ಟು ನೋಡುವ, ತಾಳಿ."

ಗೋಡೆ ತೆರೆಯಿತು. ಒಲೆಕಟ್ಟೆಯ ಮೇಲೆ ಬಿಸಿಲು ಬಿತ್ತು. ಯಂತ್ರ ಬರೆದ ಬಿಸಿಲು, ಆದರೂ ಅವಳ ಕಣ್ಣು ತುಂಬಿತು. ಕಾಗದದ ಪ್ಲಾನಿನ ಗೆರೆಗಳು ಗಂಡಸರ ಕೈಯಿಂದ ಕೈಗೆ ಹೋಗುತ್ತಿದ್ದವೇ ಹೊರತು ಅವಳನ್ನೆಂದೂ ಒಳಗೆ ಕರೆದಿರಲಿಲ್ಲ. ಈ ಪೆಟ್ಟಿಗೆ ಕರೆದಿತ್ತು.

"ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಎಂದಳು. ಆ ಪೆಟ್ಟಿಗೆಗೂ ಕೈ ಮುಗಿಯೋಣ ಅನ್ನಿಸಿತು.

ಶಿವರುದ್ರಪ್ಪ ಒಳಗೆ ಬಂದವನೇ ಹುಬ್ಬು ಗಂಟಿಕ್ಕಿದ. "ಏನೇ ಇದು, ಬೀದಿಗೆ ಬಾಯ್ ತೆಕ್ಕಂಡು? ಕಂಡೋರ ಕಣ್ಣು ಬಿದ್ದದ್ದನ್ನ ನಾನು ಉಣ್ಣೋದೆಂಗೆ?"

"ಭತ್ತ ಬೆಳೆದೋರ ಕಣ್ಣು ಬಿದ್ದೇ ಅಕ್ಕಿ ನಮ್ಮನೆಗೆ ಬಂದದ್ದು ಕಣ್ರೀ. ಅದನ್ನ ಇಷ್ಟು ವರ್ಷ ಉಂಡಿಲ್ವಾ?"

ಚೆಲುವರಾಜು ನಗು ಮರೆಸಲು ಕೆಮ್ಮಿ ಪ್ರಿಂಟರಿನ ಕಡೆ ತಿರುಗಿದ.

"ನಗಬ್ಯಾಡ ಕಣಯ್ಯ. ಅದನ್ನ ಮುಚ್ಚಿ ಪ್ರಿಂಟ್ ತೆಗಿ. ಗಿರಿಜಾ, ಏಳು. ಆಟೋದವ್ನು ಕಾಯ್ತಾವ್ನೆ."

ಅವಳು ಮೌಸಿನ ಮೇಲೆ ಅಂಗೈ ಕವುಚಿ, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆಟೋನ ಕಳಿಸ್ಬುಡಿ. ಕಿಟಕಿ ಇರೋ ಪ್ರಿಂಟ್ ಬರೋಗಂಟ ನಾನು ಏಳಲ್ಲ."