ನಡುವಿನಿಂದ ಕೇಳಿದರೆ

ಮಕ್ಕಳು ಓದುತ್ತಾರೆ. ಗಂಟಲು ಒಣಗುವವರೆಗೆ ಓದುತ್ತಾರೆ. ಪರೀಕ್ಷೆಯ ಹಾಳೆ ಎದುರಿಗೆ ಬಂದಾಗ ಮಾತ್ರ ಓದಿದ್ದೆಲ್ಲ ಎಲ್ಲಿಗೋ ಹೋಗಿರುತ್ತದೆ. ಟ್ರಿನಿಡಾಡಿನ ಈ ನಮ್ಮ ಸಾಂತಾ ಇನೆಸ್ ಕಣಿವೆಯಲ್ಲಿ ಈ ದೂರು ಇಲ್ಲದ ಮನೆ ಕಡಿಮೆ. ನಮ್ಮ ಮನೆಯಲ್ಲಿಯೂ ಇತ್ತು.

ನನ್ನ ಮೊಮ್ಮಗಳು ನೊಯೆಲ್ಲಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಟೀಚರ್ ಆಗಬೇಕೆಂಬುದು ಅವಳ ಆಸೆ. ಜನವರಿಯಲ್ಲಿ ಶಾಲೆಯವರು ತಯಾರಿಯ ಪರೀಕ್ಷೆ ಮಾಡಿದರು. ಉಳಿದ ಎಲ್ಲ ವಿಷಯಗಳಲ್ಲಿ ಪಾಸಾದಳು, ಚರಿತ್ರೆ ಮತ್ತು ಸ್ಪ್ಯಾನಿಷ್ ಎರಡರಲ್ಲಿ ಫೇಲಾದಳು. ಮೇ ತಿಂಗಳ ದೊಡ್ಡ ಪರೀಕ್ಷೆಯಲ್ಲೂ ಇವೆರಡು ಕೈಕೊಟ್ಟರೆ ಮುಂದಿನ ತರಗತಿಗೆ ಸೀಟು ಸಿಗುವಂತಿರಲಿಲ್ಲ. ಅವಳ ತಾಯಿ, ನನ್ನ ಮಗಳು ಮಾರ್ವಾ, ಆಗಲೇ ಅರೀಮಾ ಪಟ್ಟಣದ ಒಂದು ಬೇಕರಿಯಲ್ಲಿ ಅವಳಿಗೆ ಕೆಲಸ ಕೇಳಿಟ್ಟಿದ್ದಳು.

ನನ್ನ ಹೆಂಡತಿ ಸೆಲೆಸ್ಟೀನ್ ದೇವರ ಪಾದ ಸೇರಿದ್ದು ಅದಕ್ಕೆ ಸ್ವಲ್ಪ ಮುಂಚೆ, ನವೆಂಬರಿನಲ್ಲಿ. ಕ್ರಿಸ್ಮಸ್ ಬಂದರೆ ಮನೆಮನೆಯ ಬಾಗಿಲಿಗೆ ಹೋಗಿ ಸ್ಪ್ಯಾನಿಷ್‌ನಲ್ಲಿ ಹಾಡುವ ಪರಾಂಗ್ ಮೇಳ ನಮ್ಮದು. ಆ ಮೇಳಕ್ಕೆ ಮುಂದಾಳು ದನಿ ಅವಳದೇ. ಆ ವರ್ಷ ಮೇಳದವರು ಸಾವಾದ ಮನೆಯೆಂದು ನಮ್ಮ ಬಾಗಿಲಲ್ಲಿ ಹಾಡದೆ ಮುಂದೆ ಹೋದರು. ಅವಳ ನಾಲ್ಕು ತಂತಿಯ ಕ್ವಾತ್ರೊ ಗೋಡೆಯ ಮೇಲೆ ಉಳಿಯಿತು.

ಫಲಿತಾಂಶ ಬಂದ ವಾರ, ಒಂದು ಶನಿವಾರ, ಚರಿತ್ರೆ ಹೇಳಿಕೊಡುವ ಮಿಸ್ ರಾಮ್‌ಕಿಸೂನ್ ನಮ್ಮಲ್ಲಿಗೆ ಬಂದರು. ಮಾರ್ವಾ ಕೋಕೋ ಒಣಗಿಸುವ ಅಟ್ಟದ ಮೇಲೆ ಬರಿಗಾಲಲ್ಲಿ ನಡೆಯುತ್ತ ಬೀಜ ತಿರುವುತ್ತಿದ್ದಳು. ನಾನು ಕೆಳಗೆ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದೆ.

"ಬನ್ನಿ ಮಿಸ್," ಎಂದಳು ಮಾರ್ವಾ ಮೇಲಿನಿಂದಲೇ. "ನಮ್ಮ ಹುಡುಗಿ ಓದಲ್ಲ ಅಂತ ಹೇಳೋಕೆ ಬಂದಿದ್ರೆ ನಾನಂತೂ ಒಪ್ಪಲ್ಲ. ಅವಳು ಓದೋದು ಕೇಳಿ ಕೇಳಿ ನಮ್ಮ ನಾಯಿಗೂ ಸ್ಪ್ಯಾನಿಷ್ ಬಂದುಬಿಟ್ಟಿದೆ."

"ಹಾಗಾದ್ರೆ ಮೇ ತಿಂಗಳಲ್ಲಿ ನಾಯೀನೇ ಕೂರಿಸೋಣ," ಎಂದು ಮಿಸ್ ಒಂದು ಮೂಟೆಯ ಮೇಲೆ ಕುಳಿತರು. "ಓದ್ತಾಳೆ ಅಂತ ನಂಗೂ ಗೊತ್ತು ಮಾರ್ವಾ. ಹೇಗೆ ಓದ್ತಾಳೆ ಅಂತ ನೋಡೋಣ ಅಂತ ಬಂದೆ."

ನೊಯೆಲ್ಲಾಳನ್ನು ಕರೆದೆವು. ಅವಳು ಕೈ ಕಟ್ಟಿ ನಿಂತು 'ನನ್ನ ಮನೆ' ಎಂಬ ಸ್ಪ್ಯಾನಿಷ್ ಪ್ರಬಂಧವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಒಂದಕ್ಷರ ತಡವರಿಸಲಿಲ್ಲ. ಮಾರ್ವಾಳ ಮುಖ ಅರಳಿತು.

ಬೇಲಿಯ ಆಚೆ ಯುಸ್ಮಾರಿ ಬಟ್ಟೆ ಒಣಗಹಾಕುತ್ತಿದ್ದಳು. ವೆನೆಜುವೆಲಾದಿಂದ ಬಂದು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು ಅವಳು. ತನ್ನ ಭಾಷೆ ಕಿವಿಗೆ ಬಿದ್ದದ್ದೇ ಸಂತೋಷವಾಗಿ ಬೇಲಿಗೆ ಬಂದು ಸ್ಪ್ಯಾನಿಷ್‌ನಲ್ಲೇ ಕೇಳಿದಳು, ಅದರ ಅರ್ಥ ನನಗೆ ಆಮೇಲೆ ಹೇಳಿದ್ದು ನೊಯೆಲ್ಲಾ: ನಿಮ್ಮ ಮಾವಿನ ಮರ ಮನೆಯ ಮುಂದಿದೆಯೋ ಹಿಂದಿದೆಯೋ?

ಮಾವಿನ ಮರದ ಮಾತು ಪ್ರಬಂಧದಲ್ಲಿ ಇತ್ತು. ನೊಯೆಲ್ಲಾ ಕಣ್ಣು ಮುಚ್ಚಿದಳು. ಅವಳ ತುಟಿ ಮೊದಲ ಸಾಲಿನಿಂದ ಆಡತೊಡಗಿತು. ಬಾಗಿಲು, ಕಿಟಕಿ, ಅಡುಗೆಮನೆ ದಾಟಿ ಅವಳು ಮರದ ಹತ್ತಿರ ಬರುವಷ್ಟರಲ್ಲಿ ಯುಸ್ಮಾರಿ ಮುಜುಗರದಿಂದ ಮತ್ತೆ ಬಟ್ಟೆಯ ಕಡೆ ತಿರುಗಿದ್ದಳು.

"ನಡುವಿನಿಂದ ಬರಲ್ಲ ಮಿಸ್," ಎಂದಳು ನೊಯೆಲ್ಲಾ. "ಮೊದಲಿಂದ ಹೇಳ್ಲಾ?"

ಮಿಸ್ ಬೈಯಲಿಲ್ಲ. "ಇರಲಿ. ಚರಿತ್ರೆ ಕೇಳ್ತೀನಿ. ಗುಲಾಮಗಿರಿ ನಿಂತಮೇಲೆ ನನ್ನ ಮುತ್ತಜ್ಜನಂಥೋರನ್ನ ಭಾರತದಿಂದ ಹಡಗು ತುಂಬಿಸಿಕೊಂಡು ಬಂದ್ರಲ್ಲ, ಯಾಕೆ?"

"ಸಾವಿರದ ಎಂಟುನೂರ ಮೂವತ್ತನಾಲ್ಕು, ಮೂವತ್ತೆಂಟು, ನಲವತ್ತೈದು," ಎಂದಳು ಹುಡುಗಿ.

"ಇಸವಿ ಕೇಳಲಿಲ್ಲಮ್ಮ. ಯಾಕೆ ಅಂದೆ."

ನೊಯೆಲ್ಲಾ ಮತ್ತೆ ಅದೇ ಇಸವಿಗಳನ್ನು ಮೊದಲಿನಿಂದ ಶುರುಮಾಡಿದಳು.

ಮಾರ್ವಾಳಿಗೆ ಸಿಟ್ಟು ಬಂತು. "ನಮ್ಮಮ್ಮ ಹಾಡು ಕಲಿತಿದ್ದೂ ಹೀಗೇ ಮಿಸ್. ಕೇಳಿದೋರು ಕಣ್ಣೀರು ಹಾಕ್ತಿದ್ರು. ಆಗ ಯಾರೂ ನಡುವಿನಿಂದ ಕೇಳಲಿಲ್ಲ."

ಅವಳು ಹೇಳಿದ್ದು ನಿಜ. ನಮ್ಮಲ್ಲಿ ಪರಾಂಗ್ ಕಲಿಯುವುದೇ ಹಾಗೆ. ಹಿರಿಯರ ಬೆನ್ನ ಹಿಂದೆ ನಿಂತು ಬಾಯಿ ಆಡಿಸುತ್ತ ಆಡಿಸುತ್ತ ಹಾಡು ಬಂದುಬಿಡುತ್ತದೆ. ಅರ್ಥ ಯಾರೂ ಕೇಳುವುದಿಲ್ಲ, ಹೇಳಲು ಯಾರಿಗೂ ಗೊತ್ತೂ ಇಲ್ಲ. ಹಾಡಿನ ನಡುವೆ ಯಾರಾದರೂ ಗಾಯಕನ ಕೈಗೆ ರಮ್ ಲೋಟ ಕೊಟ್ಟರೆ ಮುಗಿಯಿತು, ಕುಡಿದು ಮತ್ತೆ ಮೊದಲಿನಿಂದ. ರಮ್ ಉಳಿಯಬೇಕಾದರೆ ಹಾಡು ಮುಗಿಯುವವರೆಗೆ ತಡೆಯಿರಿ ಎಂದು ಮನೆಯೊಡೆಯರು ನಗುತ್ತಾರೆ.

ಹಾಡಿಗೆ ಆ ದಾರಿ ಸಾಕು. ಭಾಷೆಗೆ ಸಾಲದು. ನಾನು ಬಾಯಿ ಬಿಡಬೇಕಾಯಿತು.

"ನಿಮ್ಮಮ್ಮ ತನಗೆ ಬಂದದ್ದನ್ನ ಹಾಡಿದಳು ಮಗಳೇ," ಎಂದೆ. "ಅವಳಪ್ಪ ಹಾಗಲ್ಲ. ಬಾಗಿಲ ಹತ್ರ ನಿಂತು, ಈ ಮನೇಲಿ ಯಾರಿಗೆ ಮಗು ಆಯ್ತು, ಯಾರ ಕಾಲು ಮುರೀತು ಅಂತ ಕೇಳ್ಕೊಂಡು, ಅಲ್ಲೇ ಹೊಸ ಪದ ಕಟ್ಟಿ ಹಾಡ್ತಿದ್ರು. ಭಾಷೆ ಅವರ ಕೈಯಲ್ಲಿತ್ತು. ನಮಗೆ ಉಳಿದದ್ದು ರಾಗ."

ಮಾರ್ವಾ ಕಾಲಿಂದ ಬೀಜ ತಿರುವುತ್ತಲೇ ಇದ್ದಳು.

ಮಿಸ್ ಅಟ್ಟದ ಕಡೆ ನೋಡಿದರು. "ಮಾರ್ವಾ, ಇಷ್ಟು ದಿನ ಯಾಕೆ ಒದ್ದಾಡ್ತೀರಿ? ಬೆಂಕಿ ಹಾಕಿ ಒಂದೇ ದಿನದಲ್ಲಿ ಒಣಗಿಸಿಬಿಡಿ."

ಮಾರ್ವಾ ನಕ್ಕುಬಿಟ್ಟಳು. "ಮಿಸ್, ನೀವು ಪುಸ್ತಕಾನೇ ನೋಡ್ಕೊಳಿ. ಒಂದೇ ದಿನಕ್ಕೆ ಒಣಗಿಸಿದ್ರೆ ಮೇಲೆ ಗಟ್ಟಿ ಆಗುತ್ತೆ, ಒಳಗೆ ಹುಳಿ ಉಳಿಯುತ್ತೆ. ಸ್ವಲ್ಪ ಬಿಸಿಲು, ಮುಚ್ಚೋದು, ಮತ್ತೆ ಬಿಸಿಲು, ತಿರುವೋದು. ಹಾಗೆ ಮಾಡಿದ್ರೇನೇ ಕೋಕೋ."

"ನಿಮ್ಮ ಮಗಳು ಓದೋದು ಬೆಂಕಿ ಹಾಕಿದ ಕೋಕೋ," ಎಂದರು ಮಿಸ್. "ಪರೀಕ್ಷೆ ಹಿಂದಿನ ದಿನ ರಾಶಿ ಹಾಕಿ ಒಣಗಿಸ್ತಾಳೆ. ಮೇಲೆ ನೋಡಿದ್ರೆ ಗಟ್ಟಿ."

ಮಾರ್ವಾಳ ಕಾಲು ನಿಂತಿತು. "ಈಸ್ಟರ್‌ವರೆಗೆ ನೋಡ್ತೀನಿ. ಆಮೇಲೆ ಬೇಕರಿ," ಎಂದಳು.

ಮಿಸ್ ಅಲ್ಲೇ ಹುಡುಗಿಗೆ ದಾರಿ ಹೇಳಿದರು. ಸ್ವಲ್ಪ ಓದು, ಪುಸ್ತಕ ಮುಚ್ಚು. ನೆನಪಿರುವಷ್ಟನ್ನು ನಿನ್ನ ಮಾತಲ್ಲೇ ಹೇಳು ಅಥವಾ ಬರೆ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ನೋಡು. ನಾಳೆ ಮತ್ತೆ ಕೇಳಿಕೋ, ಕೆಲವು ದಿನ ಬಿಟ್ಟು ಇನ್ನೊಮ್ಮೆ. ಒಂದೇ ವಿಷಯ ಹಿಡಿದು ಕೂರಬೇಡ, ಅದನ್ನಿಷ್ಟು ಇದನ್ನಿಷ್ಟು ಓದು. ನಿದ್ದೆ ಕೆಡಬೇಡ.

"ಮುಚ್ಚಿದ ಪುಸ್ತಕದಿಂದ ಓದೋದಾ?" ಎಂದಳು ಮಾರ್ವಾ. "ಇದಕ್ಕೆ ಪುಸ್ತಕ ಯಾಕೆ ಕೊಳ್ಳಬೇಕಿತ್ತು?"

ಮೊದಲ ವಾರ ನೊಯೆಲ್ಲಾ ಅತ್ತಳು. ಪುಟವೆಲ್ಲ ಓದಿ ಪುಸ್ತಕ ಮುಚ್ಚಿದರೆ ಎರಡು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. "ತಾತ, ಮೊದಲು ಎಲ್ಲಾ ಬರ್ತಿತ್ತು. ಈಗ ಇದ್ದದ್ದೂ ಹೋಯ್ತು," ಎಂದಳು. ನಾನು ಮಿಸ್‌ಗೆ ಹೇಳಿ ಕಳಿಸಿದೆ. ಅವರ ಉತ್ತರ ಬಂತು: "ತೆರೆದ ಪುಸ್ತಕ ನೋಡಿದಾಗ ಎಲ್ಲಾ ಗೊತ್ತಿದೆ ಅನ್ನಿಸುತ್ತೆ, ಅದು ಬರೀ ಪರಿಚಯ. ನೆನಪು ಮಾಡ್ಕೊಳ್ಳೋಕೆ ಕಷ್ಟಪಡ್ತಿದ್ದಾಳಲ್ಲ, ಕಲಿಯೋದು ಆಗ್ತಿರೋದೇ ಆವಾಗ. ಬಿಡಬೇಡ ಅನ್ನಿ."

ಚರಿತ್ರೆಗೆ ನಾನೇ ಶಿಷ್ಯನಾದೆ. ಸಂಜೆ ನಾನು ತೊಗರಿ ಸುಲಿಯುವಾಗ ಅವಳು ಪಾಠವನ್ನು ನನಗೆ ಕತೆಯಾಗಿ ಹೇಳಬೇಕು. ನಾನು ಎರಡೇ ಮಾತು ಕೇಳುತ್ತಿದ್ದೆ: "ಯಾಕೆ?" ಮತ್ತು "ಆಮೇಲೆ?" ಓದು ಬರದವರೂ ಈ ಎರಡನ್ನು ಕೇಳಬಲ್ಲರು. ಗುಲಾಮರು ಬಿಡುಗಡೆಯಾದರು. ಆಮೇಲೆ? ಅನೇಕರು ಕಬ್ಬಿನ ತೋಟ ಬಿಟ್ಟು ಹೋದರು. ಯಾಕೆ? ಸಿಕ್ಕ ಕೂಲಿ ಕಡಿಮೆ, ಹಳೆಯ ನೋವು ದೊಡ್ಡದು. ಆಮೇಲೆ? ತೋಟದವರು ಕಡಿಮೆ ಕೂಲಿಗೆ ಆಳು ಹುಡುಕಿದರು, ಹಡಗು ಭಾರತಕ್ಕೆ ಹೋಯಿತು. ಕಾರಣ ಕೈಗೆ ಸಿಕ್ಕಿದ ಮೇಲೆ ಇಸವಿಗಳು ತಾವಾಗಿ ಬಂದು ತಮ್ಮ ಜಾಗದಲ್ಲಿ ಕುಳಿತವು.

ಸ್ಪ್ಯಾನಿಷ್‌ಗೆ ಯುಸ್ಮಾರಿ ಇದ್ದಳು. ಅವಳಿಗೂ ಇಂಗ್ಲಿಷ್ ಬೇಕಾಗಿತ್ತು. ಅವಳು ಅರೆಪಾ ರೊಟ್ಟಿ ಸುಡುವಷ್ಟು ಹೊತ್ತು ಸ್ಪ್ಯಾನಿಷ್, ತಿನ್ನುವಷ್ಟು ಹೊತ್ತು ಇಂಗ್ಲಿಷ್ ಎಂದು ಇಬ್ಬರೂ ಮಾಡಿಕೊಂಡರು.

"ತಪ್ಪು ತಪ್ಪು ಮಾತಾಡಿದ್ರೆ ನಾಲ್ಕು ಜನ ನಗಲ್ವಾ?" ಎಂದು ಮಾರ್ವಾ ಕೇಳಿದಳು.

"ನಾನು ದಿನಾ ಅಂಗಡೀಲಿ ತಪ್ಪು ಇಂಗ್ಲಿಷೇ ಮಾತಾಡೋದು ಅಕ್ಕ," ಎಂದಳು ಯುಸ್ಮಾರಿ. "ನಗ್ತಾರೆ. ನಕ್ಕೊಂಡೇ ಸಾಮಾನು ಕೊಡ್ತಾರೆ. ಸರಿಯಾಗಿ ಬರೋವರೆಗೂ ಬಾಯಿ ಮುಚ್ಕೊಂಡಿದ್ರೆ ನನ್ನ ಮಕ್ಕಳು ಉಪವಾಸ."

ಮಾರ್ವಾ ನಕ್ಕಳು. ಆ ದಿನದಿಂದ ಅವಳೂ ಬೇಲಿಯ ಹತ್ತಿರ ನಿಂತು ಕೇಳತೊಡಗಿದಳು.

ಒಂದು ಸಂಜೆ ನೊಯೆಲ್ಲಾ ಕೋಕೋ ಚರಿತ್ರೆ ಹೇಳುತ್ತಿದ್ದಳು. ವೆನೆಜುವೆಲಾದಿಂದ ಕೂಲಿಯವರು ಬಂದು ಈ ಕಣಿವೆಗಳ ಕಾಡು ಕಡಿದು ಕೋಕೋ ನೆಟ್ಟ ಕತೆ. ಅವಳ ಮಾತು ನಡುವೆ ನಿಂತಿತು.

"ತಾತ, ಅಜ್ಜಿ ಹಾಡು ಸ್ಪ್ಯಾನಿಷ್‌ನಲ್ಲಿ ಇರೋದು ಅದಕ್ಕೇನಾ?"

"ಅದಕ್ಕೇ ಮಗು."

"ಹಾಗಾದ್ರೆ ಯುಸ್ಮಾರಿ ಅಕ್ಕ ಬಂದಿರೋ ದಾರೀಲೇ ನಮ್ಮೋರೂ ಬಂದಿದ್ದು."

ನಾನು ತಲೆಯಾಡಿಸಿದೆ. ಎರಡು ಪಾಠಗಳು ಅವಳೊಳಗೆ ಒಂದನ್ನೊಂದು ಕೈಹಿಡಿದದ್ದನ್ನು ಕಂಡೆ. ಅಷ್ಟು ಹೊತ್ತಿಗೆ ಈಸ್ಟರ್ ಬಂದು ಹೋಗಿತ್ತು. ಬೇಕರಿಯ ಮಾತನ್ನು ಮಾರ್ವಾ ಎತ್ತಲಿಲ್ಲ.

ಸ್ಪ್ಯಾನಿಷ್‌ನಲ್ಲಿ ಬಾಯಿಮಾತಿನ ಪರೀಕ್ಷೆಯೂ ಇರುತ್ತದೆ. ಆ ಬೆಳಿಗ್ಗೆ ನಾನು ನೊಯೆಲ್ಲಾಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದೆ. ಮಧ್ಯಾಹ್ನ ಬಂದವಳು ಚೀಲ ಇಳಿಸುವ ಮುಂಚೆಯೇ ಹೇಳಿದಳು:

"ಹಬ್ಬದ ಊಟದ ಬಗ್ಗೆ ಕೇಳಿದ್ರು ತಾತ. ಪ್ರಬಂಧದಲ್ಲಿ ಇಲ್ಲದ್ದು. ನಾವು ಪಾಸ್ಟೆಲ್ ಕಡುಬು ಮಾಡ್ತೀವಿ ಅಂದೆ. ಯಾವುದರಲ್ಲಿ ಸುತ್ತುತ್ತೀರಿ ಅಂದ್ರು. ಬಾಳೆ ಎಲೆಗೆ ಸ್ಪ್ಯಾನಿಷ್ ಮಾತೇ ನೆನಪಾಗಲಿಲ್ಲ."

"ಆಮೇಲೆ?" ಎಂದಳು ಮಾರ್ವಾ. ನನ್ನ ಪ್ರಶ್ನೆ ಅವಳಿಗೂ ಅಂಟಿತ್ತು.

"ಹಳದಿ ಹಣ್ಣು ಬಿಡುತ್ತಲ್ಲ, ಉದ್ದಕ್ಕೆ, ಆ ಗಿಡದ ದೊಡ್ಡ ಎಲೆ ಅಂದೆ. ಅವರಿಗೆ ತಿಳೀತು. ನಕ್ಕು ಮುಂದಿನದು ಕೇಳಿದ್ರು."

"ಮೊದಲಿಂದ ಹೇಳಬೇಕಾಗಲಿಲ್ವಾ?"

"ಇಲ್ಲಮ್ಮ. ಅಲ್ಲಿಂದಲೇ ಬಂತು."

ಆಗಸ್ಟಿನಲ್ಲಿ ಫಲಿತಾಂಶ ಬಂತು. ಎರಡರಲ್ಲೂ ಪಾಸು. ಶಾಲೆಗೇ ಮೊದಲು ಬಂದಳೆಂದು ನಾನು ಸುಳ್ಳು ಹೇಳಲಾರೆ, ಆದರೆ ಸೀಟು ಸಿಕ್ಕಿತು. ಮಾರ್ವಾ ಅಟ್ಟದ ಮೇಲೆ ಬೀಜ ತಿರುವುತ್ತಲೇ ಸುದ್ದಿ ಕೇಳಿದಳು. ನಮ್ಮ ಕಡೆ ಬೆನ್ನು ಹಾಕಿ, "ಬೇಕರಿಯವನಿಗೆ ಬೇರೆ ಹುಡುಗೀನ ನೋಡ್ಕೋ ಅಂತ ಹೇಳಿ ಕಳಿಸಬೇಕು," ಎಂದಳು.

ಡಿಸೆಂಬರ್ ಬಂತು. ಮೇಳದವರು ಮೊದಲು ನಮ್ಮ ಬಾಗಿಲಿಗೇ ಬಂದರು. ಬಾಗಿಲ ಹಾಡು ಮುಗಿಯುವವರೆಗೆ ಮನೆಯವರು ಬಾಗಿಲು ತೆರೆಯಬಾರದು ಎಂಬುದು ನಮ್ಮ ಪದ್ಧತಿ. ನಾನು ಒಳಗೆ ಕುರ್ಚಿಯಲ್ಲಿ ಕುಳಿತಿದ್ದೆ. ಗೋಡೆಯ ಮೇಲೆ ಕ್ವಾತ್ರೊ ಇರಲಿಲ್ಲ. ಹೊರಗೆ ಅದರ ದನಿ ಎದ್ದಿತು, ಅದರ ಹಿಂದೆ ನೊಯೆಲ್ಲಾಳ ದನಿ. ಸೆಲೆಸ್ಟೀನ್ ಹಾಡುತ್ತಿದ್ದ, ಅವಳ ತಂದೆ ಕಟ್ಟಿದ್ದ ಹಾಡು. ಕೊನೆಗೆ ನನಗೆ ಗುರುತಿಲ್ಲದ ಒಂದು ಪದವೂ ಬಂತು. ಅದರಲ್ಲಿ ಅಜ್ಜಿಯ ಹೆಸರಿತ್ತು. ಅದನ್ನು ನೊಯೆಲ್ಲಾ ತಾನೇ ಕಟ್ಟಿದ್ದಳು.

ಬಾಗಿಲು ತೆರೆದೆ. ಅವಳು ನನ್ನ ಕೈ ಹಿಡಿದಳು.

"ತಾತ, ಅಜ್ಜಿ ಯಾವಾಗಲೂ ಕೊನೇಲಿ ಹಾಡ್ತಿದ್ದಳಲ್ಲ ಆ ಸಾಲು, ಅದರ ಅರ್ಥ ಗೊತ್ತಾ?"

ಜೀವಮಾನವೆಲ್ಲ ಆ ಸಾಲನ್ನು ಕೇಳಿದ್ದೆ. ಇಲ್ಲ ಎಂದೆ.

"ಮನೆಯೊಡೆಯಾ, ನಿನ್ನ ದೀಪ ಆರಿದ್ರೆ ಅಳಬೇಡ. ಬಾಗಿಲು ತೆಗಿ, ನಮ್ಮ ಕೈಯಲ್ಲಿರೋ ದೀಪದಿಂದ ಹಚ್ಕೋ. ಅಷ್ಟೇ ತಾತ."

ದೇವರು ದೊಡ್ಡವನು. ನನಗೆ ಹೇಳಬೇಕಾದ ಮಾತನ್ನು ನನ್ನ ಹೆಂಡತಿ ಮುಂಚೆಯೇ ಹಾಡಿಟ್ಟು ಹೋಗಿದ್ದಳು. ಅದನ್ನು ತೆರೆದು ಕೊಡಲು ಭಾಷೆ ಕಲಿತ ಒಂದು ಮಗು ಬೇಕಾಗಿತ್ತು.

ಓದುವ ಮಕ್ಕಳೇ, ಅವರನ್ನು ಹೆತ್ತವರೇ, ಇದನ್ನು ನಿಮಗಾಗಿ ಬರೆದೆ. ಇಂದು ಸಂಜೆ ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ, ಉಳಿದದ್ದನ್ನು ನಿಮ್ಮ ಮಾತಲ್ಲಿ ಹೇಳಿ. ಕಷ್ಟವಾದರೆ ಹೆದರಬೇಡಿ. ನಾಳೆ ಮತ್ತೆ ತಿರುವಿ ಹಾಕಿ, ಒಳಗಿನ ಹುಳಿ ಹೋಗುವವರೆಗೆ. ಕಲಿಯುವ ಭಾಷೆಯನ್ನು ಬಲ್ಲವರು ಬೇಲಿಯ ಆಚೆ ಇದ್ದರೆ ತಪ್ಪಾದರೂ ಮಾತಾಡಿಸಿ. ತಂದೆತಾಯಿಗಳೇ, ಮಗು ಒಪ್ಪಿಸುವುದನ್ನು ಕೇಳಿ ತೃಪ್ತರಾಗಿ ಎದ್ದು ಹೋಗಬೇಡಿ. ಹತ್ತಿರ ಕೂರಿಸಿಕೊಂಡು "ಯಾಕೆ?" ಎನ್ನಿ, "ಆಮೇಲೆ?" ಎನ್ನಿ. ನಡುವಿನಿಂದ ಕೇಳಿ. ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ. ಬಂದೇ ಬರುತ್ತದೆ.